ಜಿಆರ್‌ಇಗೆ ಒಂದೇ ತಿಂಗಳು ಉಳಿದಾಗ

ಸೆಪ್ಟೆಂಬರ್–ಅಕ್ಟೋಬರ್ ಬಂತೆಂದರೆ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳಿಂದಲೂ, ಎರಡು–ಮೂರು ವರ್ಷ ಕೆಲಸ ಮಾಡಿ ಈಗ ಎಂಎಸ್‌ಗೆ ಹೊರಡಲು ಮನಸ್ಸು ಮಾಡಿದವರಿಂದಲೂ ಕೇಳಿಬರುವ ಪ್ರಶ್ನೆ ಒಂದೇ: ‘ಒಂದು ತಿಂಗಳಲ್ಲಿ ಜಿಆರ್‌ಇಗೆ ತಯಾರಾಗಬಹುದಾ?’ ಬಹಳ ಮಂದಿಗೆ ಸಾಧ್ಯ ಎಂಬುದೇ ನನ್ನ ಉತ್ತರ. ಆದರೆ ಮೂರು ತಿಂಗಳ ಓದನ್ನು ಒಂದು ತಿಂಗಳಿಗೆ ತುರುಕಲು ಹೊರಟರೆ ಅದು ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂತೆಯೇ ಆಗುತ್ತದೆ. ಕಡಿಮೆ ದಿನಗಳ ವೇಳಾಪಟ್ಟಿ ಹಾಕುವುದೆಂದರೆ, ಮೊದಲು ಏನನ್ನು ಬಿಡಬೇಕು ಎಂದು ತೀರ್ಮಾನಿಸುವುದು. ಏನನ್ನು ಬಿಡಬೇಕೆಂದು ಹೇಳುವವರು ಕೋಚಿಂಗ್ ಸೆಂಟರಿನವರಲ್ಲ, ಗೆಳೆಯರೂ ಅಲ್ಲ. ಅದನ್ನು ನಿಮ್ಮದೇ ತಪ್ಪುಗಳು ಹೇಳಬೇಕು.

ಓದಲು ಕೂರುವ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ. ನೀವು ಅರ್ಜಿ ಹಾಕಲಿರುವ ವಿಶ್ವವಿದ್ಯಾಲಯಗಳ ಆಯಾ ವಿಭಾಗದ ಜಾಲತಾಣ ತೆರೆದು, ಜಿಆರ್‌ಇ ಬೇಕೇ ಬೇಡವೇ ನೋಡಿ. ಕೋವಿಡ್ ಕಾಲದಿಂದ ಈಚೆಗೆ ಅಮೆರಿಕದ ಅನೇಕ ವಿಭಾಗಗಳು ಈ ಪರೀಕ್ಷೆಯನ್ನು ಐಚ್ಛಿಕ ಮಾಡಿವೆ. ಕೆಲವು ಅಂಕ ಕಳಿಸಿದರೂ ನೋಡುವುದಿಲ್ಲ, ಇನ್ನು ಕೆಲವು ಇಂದಿಗೂ ಕಡ್ಡಾಯವಾಗಿ ಕೇಳುತ್ತವೆ. ಒಂದೇ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಒಂದು ನಿಯಮ, ಮೆಕ್ಯಾನಿಕಲ್‌ಗೆ ಇನ್ನೊಂದು ನಿಯಮ ಇರಬಹುದು. ಎಂಟು ಕಡೆ ಅರ್ಜಿ ಹಾಕುವವರಿಗೆ ಎಂಟರಲ್ಲೂ ಬೇಡವಾಗಿದ್ದರೆ, ಆ ತಿಂಗಳನ್ನೂ ಶುಲ್ಕದ ಸಾವಿರಾರು ರೂಪಾಯಿಯನ್ನೂ ಬೇರೆ ಒಳ್ಳೆಯ ಕೆಲಸಕ್ಕೆ ಬಳಸಬಹುದು.

ಪರೀಕ್ಷೆಯ ಸ್ವರೂಪ

ಇಟಿಎಸ್ ಸಂಸ್ಥೆ ನಡೆಸುವ ಈ ಪರೀಕ್ಷೆ 2023ರ ಸೆಪ್ಟೆಂಬರ್ 22ರಿಂದ ಚಿಕ್ಕದಾಗಿದೆ. ಮೊದಲು ಸುಮಾರು ನಾಲ್ಕು ಗಂಟೆ ಕೂರಬೇಕಿತ್ತು. ಈಗ 1 ಗಂಟೆ 58 ನಿಮಿಷ. ಹಳೆಯ ಪುಸ್ತಕಗಳಲ್ಲಿ, ಸೀನಿಯರ್‌ಗಳು ಕೊಟ್ಟುಹೋದ ನೋಟ್ಸ್‌ಗಳಲ್ಲಿ ಹಳೆಯ ಮಾದರಿಯೇ ಇರುತ್ತದೆ, ಅದನ್ನು ನೋಡಿ ಲೆಕ್ಕ ಹಾಕಬೇಡಿ.

ಮೊದಲಿಗೆ 30 ನಿಮಿಷದ ಒಂದು ಪ್ರಬಂಧ. ನಂತರ ಇಂಗ್ಲಿಷ್ ಭಾಷೆಯ ವರ್ಬಲ್‌ನ ಎರಡು ಭಾಗ: ಒಂದರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಇನ್ನೊಂದರಲ್ಲಿ 23 ನಿಮಿಷಕ್ಕೆ 15 ಪ್ರಶ್ನೆ. ಗಣಿತದ ಕ್ವಾಂಟ್‌ನಲ್ಲೂ ಎರಡು ಭಾಗ: 21 ನಿಮಿಷಕ್ಕೆ 12, 26 ನಿಮಿಷಕ್ಕೆ 15. ಅಂದರೆ ವರ್ಬಲ್‌ನ ಒಂದು ಪ್ರಶ್ನೆಗೆ ಸರಾಸರಿ ಒಂದೂವರೆ ನಿಮಿಷ, ಕ್ವಾಂಟ್‌ನ ಒಂದು ಪ್ರಶ್ನೆಗೆ ಸುಮಾರು ಒಂದೂಮುಕ್ಕಾಲು ನಿಮಿಷ. ನಡುವೆ ವಿರಾಮವಿಲ್ಲ. ವರ್ಬಲ್ ಮತ್ತು ಕ್ವಾಂಟ್ ಎರಡಕ್ಕೂ ಅಂಕ 130ರಿಂದ 170ರವರೆಗೆ, ಪ್ರಬಂಧಕ್ಕೆ 0ಯಿಂದ 6ರವರೆಗೆ.

ವೇಳಾಪಟ್ಟಿ ಹಾಕುವವರು ತಿಳಿದಿರಲೇಬೇಕಾದ ಮೂರು ನಿಯಮಗಳಿವೆ. ಒಂದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎರಡು, ಒಂದು ಭಾಗದೊಳಗೆ ಸುಲಭ ಪ್ರಶ್ನೆಗೂ ಕಷ್ಟದ ಪ್ರಶ್ನೆಗೂ ತೂಕ ಒಂದೇ. ಹಾಗಾಗಿ ಕಷ್ಟದ ಒಂದು ಪ್ರಶ್ನೆಯ ಜೊತೆ ಐದು ನಿಮಿಷ ಗುದ್ದಾಡಿ, ಕೊನೆಯಲ್ಲಿದ್ದ ಎರಡು ಸುಲಭ ಪ್ರಶ್ನೆಗಳನ್ನು ಕಳೆದುಕೊಳ್ಳುವುದು ಶುದ್ಧ ನಷ್ಟ. ಗುರುತು ಹಾಕಿ ಮುಂದೆ ಹೋಗಬಹುದು, ಅದೇ ಭಾಗದೊಳಗೆ ಮತ್ತೆ ಹಿಂದಿರುಗಿ ಬರಬಹುದು. ಮೂರು, ಮೊದಲ ಭಾಗದಲ್ಲಿ ನೀವು ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯ ಭಾಗದ ಕಠಿಣತೆ ನಿರ್ಧಾರವಾಗುತ್ತದೆ. ಹೀಗಾಗಿ ಮೊದಲ 12 ಪ್ರಶ್ನೆಗಳಲ್ಲಿ ಅಜಾಗರೂಕತೆಯ ತಪ್ಪು ಬಹಳ ದುಬಾರಿ.

ಮೊದಲ ದಿನವೇ ಪರೀಕ್ಷೆ

‘ಸ್ವಲ್ಪ ಓದಿಕೊಂಡು ಆಮೇಲೆ ಮಾಕ್ ಟೆಸ್ಟ್ ಬರೆಯುತ್ತೇನೆ’ ಎನ್ನುವುದು ನಮ್ಮ ವಿದ್ಯಾರ್ಥಿಗಳಲ್ಲಿ ಬೇರುಬಿಟ್ಟ ಅಭ್ಯಾಸ. ಮೂವತ್ತೇ ದಿನ ಇರುವವರಿಗೆ ಇದು ಸಲ್ಲದು. ಇಟಿಎಸ್ ತನ್ನ ಜಾಲತಾಣದಲ್ಲಿ ‘ಪವರ್‌ಪ್ರೆಪ್ ಆನ್‌ಲೈನ್’ ಎಂಬ ಹೆಸರಿನಲ್ಲಿ ಎರಡು ಪೂರ್ಣ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ನಿಜವಾದ ಪರೀಕ್ಷೆಗೆ ಇವುಗಳಷ್ಟು ಹತ್ತಿರದ್ದು ಬೇರೆ ಇಲ್ಲ. ಒಂದನ್ನು ಮೊದಲ ಭಾನುವಾರ, ಏನೂ ಓದದೆ, ಗಡಿಯಾರ ಇಟ್ಟುಕೊಂಡು, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಬರೆಯಿರಿ. ಬಂದ ಅಂಕ ಎಷ್ಟೇ ಕಡಿಮೆಯಿದ್ದರೂ ಎದೆಗುಂದಬೇಡಿ. ಅಂದು ನಿಮಗೆ ಬೇಕಾದದ್ದು ಅಂಕವಲ್ಲ, ತಪ್ಪುಗಳ ಪಟ್ಟಿ.

ಮರುದಿನ ಆ ತಪ್ಪುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಮೂರು ಗುಂಪು ಮಾಡಿ. ಒಂದನೆಯದು, ‘ಗೊತ್ತೇ ಇರಲಿಲ್ಲ’: ಸೂತ್ರ ಮರೆತಿತ್ತು, ಪದದ ಅರ್ಥ ತಿಳಿದಿರಲಿಲ್ಲ. ಎರಡನೆಯದು, ‘ಗೊತ್ತಿದ್ದೂ ತಪ್ಪಿತು’: ಪ್ರಶ್ನೆಯನ್ನು ಪೂರ್ತಿ ಓದಲಿಲ್ಲ, ಲೆಕ್ಕದಲ್ಲಿ ಎಡವಿದೆ. ಮೂರನೆಯದು, ‘ಹೊತ್ತು ಸಾಲಲಿಲ್ಲ’. ಈ ಮೂರಕ್ಕೂ ಮದ್ದು ಬೇರೆಬೇರೆ. ಮೊದಲನೆಯದಕ್ಕೆ ಓದು ಬೇಕು. ಎರಡನೆಯದಕ್ಕೆ ಓದು ಏನೂ ಮಾಡಲಾರದು, ಉತ್ತರ ಒತ್ತುವ ಮುಂಚೆ ಪ್ರಶ್ನೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದುವ ಶಿಸ್ತು ಬೇಕು. ಮೂರನೆಯದಕ್ಕೆ ಗಡಿಯಾರದ ಎದುರಿನ ಅಭ್ಯಾಸ ಬೇಕು. ಎರಡನೆಯ ಗುಂಪಿನ ತಪ್ಪುಗಳೇ ಹೆಚ್ಚಿರುವ ಹುಡುಗ ದಪ್ಪ ಪುಸ್ತಕ ತಂದು ಬೀಜಗಣಿತವನ್ನು ಮೊದಲಿನಿಂದ ಓದತೊಡಗಿದರೆ, ಇಲ್ಲದ ಕಾಯಿಲೆಗೆ ಔಷಧ ತೆಗೆದುಕೊಂಡಂತೆ.

ಈ ಮೊದಲ ಪರೀಕ್ಷೆ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ನಿಮ್ಮ ಗುರಿಗೂ ಬಂದ ಅಂಕಕ್ಕೂ ಆರೆಂಟು ಅಂಕಗಳ ಅಂತರವಿದ್ದರೆ ತಿಂಗಳ ಯೋಜನೆಗೆ ಧೈರ್ಯವಾಗಿ ಇಳಿಯಬಹುದು. ಎರಡೂ ವಿಭಾಗಗಳಲ್ಲಿ ಹದಿನೈದಿಪ್ಪತ್ತು ಅಂಕ ಏರಬೇಕಾದರೆ ಪರೀಕ್ಷೆಯನ್ನು ಮುಂದೂಡುವುದೇ ಪ್ರಾಮಾಣಿಕ ತೀರ್ಮಾನ.

ಗಂಟೆಗಳ ಲೆಕ್ಕ

ವಾರದ ದಿನ ಎರಡು ಗಂಟೆ, ಶನಿವಾರ–ಭಾನುವಾರ ನಾಲ್ಕು ಗಂಟೆ ಕೊಡಬಲ್ಲಿರಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಸುಮಾರು 75 ಗಂಟೆ ಆಯಿತು. ಕಾಲೇಜು, ಆಫೀಸು, ಮನೆ ಎಲ್ಲದರ ನಡುವೆ ದಿನಕ್ಕೆ ಆರು ಗಂಟೆ ಎಂದು ಬರೆದುಕೊಂಡವರು ಮೂರನೆಯ ದಿನ ಕೈಚೆಲ್ಲುತ್ತಾರೆ. ನಡೆಸಬಲ್ಲ 75 ಗಂಟೆ, ಕಾಗದದ ಮೇಲಿನ 180 ಗಂಟೆಗಿಂತ ಮೇಲು.

ಎರಡು ಗಂಟೆಯನ್ನು ಹೀಗೆ ಹಂಚಿ: ಮೊದಲ 20 ನಿಮಿಷ ಹಳೆಯ ಪದಗಳ ಪುನರಾವರ್ತನೆ ಮತ್ತು ಕೆಲವು ಹೊಸ ಪದ, ನಂತರ 50 ನಿಮಿಷ ಪ್ರಶ್ನೆ ಬಿಡಿಸುವುದು, ಉಳಿದ 50 ನಿಮಿಷ ಅವೇ ಪ್ರಶ್ನೆಗಳ ಪರಿಶೀಲನೆ. ಬಿಡಿಸಿದಷ್ಟೇ ಹೊತ್ತನ್ನು ಪರಿಶೀಲನೆಗೂ ಕೊಡಬೇಕೆಂಬ ಮಾತು ಹಲವರಿಗೆ ಅತಿ ಎನಿಸಬಹುದು. ಆದರೆ ಅಂಕ ಏರುವುದೇ ಅಲ್ಲಿ. ಸರಿಯಾದ ಉತ್ತರ ಏಕೆ ಸರಿ ಎಂಬುದರ ಜೊತೆಗೆ, ನೀವು ಆರಿಸಿದ ತಪ್ಪು ಉತ್ತರ ಏಕೆ ತಪ್ಪು ಎಂದು ಒಂದು ಸಾಲು ಬರೆಯಿರಿ. ಆ ಪ್ರಶ್ನೆಯನ್ನು ಎರಡು ದಿನ ಬಿಟ್ಟು, ಮತ್ತೆ ಒಂದು ವಾರ ಬಿಟ್ಟು, ಉತ್ತರ ನೋಡದೆ ಇನ್ನೊಮ್ಮೆ ಬಿಡಿಸಿ.

ಇದು ನನ್ನ ಸ್ವಂತ ನಂಬಿಕೆಯಷ್ಟೇ ಅಲ್ಲ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ಬರೆದಿಟ್ಟ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ವಿದ್ಯಾರ್ಥಿಗಳ ಒಂದು ಗುಂಪಿಗೆ ಪಾಠವನ್ನು ಮತ್ತೆಮತ್ತೆ ಓದಲು, ಇನ್ನೊಂದು ಗುಂಪಿಗೆ ಓದಿದ್ದನ್ನು ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ಓದಿದ್ದನ್ನೇ ಓದುವಾಗ ‘ಎಲ್ಲ ಗೊತ್ತಿದೆ’ ಎನಿಸುತ್ತದೆ. ಆ ಅನಿಸಿಕೆಯನ್ನು ನಂಬಬಾರದು. ಪುಸ್ತಕ ಮುಚ್ಚಿ ಕೇಳಿಕೊಂಡಾಗ ಬಂದರೆ ಮಾತ್ರ ಗೊತ್ತಿದ್ದಂತೆ.

ಕ್ವಾಂಟ್: ಸುಲಭವೆಂಬ ಭ್ರಮೆ

ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕ್ವಾಂಟ್ ಅನ್ನು ‘ಹೈಸ್ಕೂಲ್ ಗಣಿತ’ ಎಂದು ಬದಿಗೆ ಸರಿಸುತ್ತಾರೆ. ಪಠ್ಯ ಹೈಸ್ಕೂಲಿನದೇ, ನಿಜ. ಅಂಕಗಣಿತ, ಬೀಜಗಣಿತ, ರೇಖಾಗಣಿತ, ದತ್ತಾಂಶ ವಿಶ್ಲೇಷಣೆ ಇಷ್ಟೇ. ತ್ರಿಕೋನಮಿತಿ ಇಲ್ಲ, ಕ್ಯಾಲ್ಕುಲಸ್ ಇಲ್ಲ. ತೆರೆಯ ಮೇಲೆ ಕ್ಯಾಲ್ಕ್ಯುಲೇಟರ್ ಕೂಡ ಇರುತ್ತದೆ. ಆದರೆ ಎಲ್ಲರಿಗೂ ಸುಲಭವಾದ ಕಡೆ ಪೈಪೋಟಿಯೂ ಹೆಚ್ಚು. ವರ್ಬಲ್‌ನಲ್ಲಿ 160 ಕೊಡುವಷ್ಟು ಮೇಲಿನ ಸ್ಥಾನವನ್ನು ಕ್ವಾಂಟ್‌ನಲ್ಲಿ ಅದೇ 160 ಕೊಡುವುದಿಲ್ಲ. ತಾಂತ್ರಿಕ ವಿಷಯಗಳಿಗೆ ಅರ್ಜಿ ಹಾಕುವವರಿಗೆ ಇಲ್ಲಿ ಎರಡು ಮೂರು ತಪ್ಪುಗಳೂ ಭಾರವಾಗುತ್ತವೆ.

ತಪ್ಪುಗಳು ಎಲ್ಲಿ ಆಗುತ್ತವೆ ನೋಡಿ. ಎರಡು ಮೊತ್ತಗಳನ್ನು ಹೋಲಿಸುವ ಒಂದು ಬಗೆಯ ಪ್ರಶ್ನೆಯಿದೆ. ಒಂದು ಕಡೆ ಎಕ್ಸ್‌ನ ವರ್ಗ, ಇನ್ನೊಂದು ಕಡೆ ಎಕ್ಸ್. ಎಕ್ಸ್ ಸೊನ್ನೆಗಿಂತ ದೊಡ್ಡದು ಎಂದಷ್ಟೇ ಕೊಟ್ಟಿದ್ದಾರೆ. ಯಾವುದು ದೊಡ್ಡದು? ಆತುರದವರು ವರ್ಗವೇ ದೊಡ್ಡದು ಎನ್ನುತ್ತಾರೆ. ಎಕ್ಸ್ 2 ಆದರೆ ವರ್ಗ 4, ದೊಡ್ಡದು ಹೌದು. 1 ಆದರೆ ಎರಡೂ ಸಮ. ಅರ್ಧ ಆದರೆ ವರ್ಗ ಕಾಲು, ಚಿಕ್ಕದು. ಹಾಗಾಗಿ ‘ನಿರ್ಧರಿಸಲಾಗದು’ ಎಂಬುದೇ ಉತ್ತರ. ಇಂಥ ಪ್ರಶ್ನೆ ಬಂದಾಗ ಸೊನ್ನೆ, ಒಂದು, ಋಣಸಂಖ್ಯೆ, ಭಿನ್ನರಾಶಿ ಈ ನಾಲ್ಕರಲ್ಲಿ ಕೊಟ್ಟ ಷರತ್ತಿಗೆ ಹೊಂದುವವನ್ನೆಲ್ಲ ಹಾಕಿ ನೋಡುವುದು ಕೈಗೆ ರೂಢಿಯಾಗಬೇಕು. ಹಾಗೆಯೇ ಶೇಕಡಾ ಲೆಕ್ಕ: 500 ರೂಪಾಯಿಯ ವಸ್ತುವಿನ ಬೆಲೆ ಶೇ 20 ಏರಿ, ಆಮೇಲೆ ಶೇ 20 ಇಳಿದರೆ ಮತ್ತೆ 500 ಆಗುವುದಿಲ್ಲ. 600ಕ್ಕೆ ಹೋಗಿ 480ಕ್ಕೆ ಇಳಿಯುತ್ತದೆ. ಇನ್ನು ರೇಖಾಗಣಿತದ ಚಿತ್ರಗಳು ಅಳತೆಗೆ ತಕ್ಕಂತೆ ಬರೆದವೇ ಆಗಿರಬೇಕೆಂದಿಲ್ಲ. ಕಣ್ಣಿಗೆ ಲಂಬಕೋನದಂತೆ ಕಂಡದ್ದನ್ನು ಲಂಬಕೋನ ಎಂದುಕೊಳ್ಳಬಾರದು.

ಇಟಿಎಸ್ ಉಚಿತವಾಗಿ ಕೊಡುವ ‘ಮ್ಯಾಥ್ ರಿವ್ಯೂ’ ಎಂಬ ಪಿಡಿಎಫ್ ಇದೆ. ಪರೀಕ್ಷೆಗೆ ಬೇಕಾದ ಗಣಿತವೆಲ್ಲ ಅದರಲ್ಲಿದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಿಲ್ಲ. ‘ಗೊತ್ತೇ ಇರಲಿಲ್ಲ’ ಗುಂಪಿನಲ್ಲಿ ಬಂದ ಅಧ್ಯಾಯಗಳನ್ನು ಮಾತ್ರ ಓದಿ.

ವರ್ಬಲ್: ಪದಪಟ್ಟಿಯಾಚೆ

ಸಮಯ ಕಡಿಮೆಯಿದ್ದವರು ಮಾಡುವ ದೊಡ್ಡ ತಪ್ಪು ಸಾವಿರಾರು ಪದಗಳ ಪಟ್ಟಿ ಹಿಡಿದು ಕೂರುವುದು. ವರ್ಬಲ್‌ನ ಸುಮಾರು ಅರ್ಧದಷ್ಟು ಪ್ರಶ್ನೆಗಳು ಗದ್ಯಭಾಗ ಓದಿ ಉತ್ತರಿಸುವಂಥವು. ಅಲ್ಲಿ ಪದಪಟ್ಟಿ ಕೈಹಿಡಿಯುವುದಿಲ್ಲ. ದಿನಕ್ಕೆ 15 ಪದದಂತೆ 20 ದಿನಕ್ಕೆ 300 ಪದ ಸಾಕು. ಕೊನೆಯ ವಾರ ಹೊಸ ಪದ ಬೇಡ. ಪದವನ್ನು ಒಂಟಿಯಾಗಿ ಕಲಿಯದೆ ವಾಕ್ಯದೊಳಗೆ ಕಲಿಯಿರಿ. ಚೀಟಿಯ ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಮತ್ತು ಒಂದು ವಾಕ್ಯ. ಬಂದವನ್ನು ಮೂರು ದಿನಕ್ಕೊಮ್ಮೆ, ಬಾರದವನ್ನು ದಿನವೂ ನೋಡಿ. ಮೆಟ್ರೊದಲ್ಲಿ, ಬಿಎಂಟಿಸಿ ಬಸ್ಸಿನಲ್ಲಿ ದಿನಕ್ಕೆ ಒಂದು ಗಂಟೆ ಕಳೆಯುವ ಬೆಂಗಳೂರಿನವರಿಗೆ ಈ ಕೆಲಸಕ್ಕೆ ಬೇರೆ ಹೊತ್ತು ಹುಡುಕಬೇಕಿಲ್ಲ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಆಯ್ಕೆಗಳನ್ನು ಮೊದಲು ನೋಡಬೇಡಿ. ವಾಕ್ಯ ಓದಿ, ‘ಆದರೆ’, ‘ಆದ್ದರಿಂದ’, ‘ಹಾಗಿದ್ದರೂ’ ಎಂದು ತಿರುವು ಕೊಡುವ ಇಂಗ್ಲಿಷ್ ಪದಗಳನ್ನು ಹುಡುಕಿ, ಖಾಲಿ ಜಾಗಕ್ಕೆ ನಿಮ್ಮದೇ ಒಂದು ಮಾತು ಹಾಕಿಕೊಂಡು, ಆಮೇಲೆ ಆಯ್ಕೆಗಳಿಗೆ ಬನ್ನಿ. ಎರಡು ಮೂರು ಜಾಗ ಖಾಲಿ ಇರುವ ಪ್ರಶ್ನೆಯಲ್ಲಿ ಎಲ್ಲವೂ ಸರಿಯಾದರೆ ಮಾತ್ರ ಅಂಕ. ಆರರಲ್ಲಿ ಎರಡು ಪದ ಆರಿಸುವ ಪ್ರಶ್ನೆಯಲ್ಲಿ ವಾಕ್ಯಕ್ಕೆ ಹೊಂದದ ಸಮಾನಾರ್ಥಕಗಳ ಜೋಡಿಯನ್ನೂ ಇಟ್ಟಿರುತ್ತಾರೆ. ಜೋಡಿ ಕಂಡ ಕೂಡಲೇ ಒತ್ತಬಾರದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಗದ್ಯಭಾಗದ ಪ್ರಶ್ನೆಗಳು ಪರೀಕ್ಷಿಸುವುದು ಇಂಗ್ಲಿಷ್ ಮಾತಿನ ಬೆಡಗನ್ನಲ್ಲ, ಲೇಖಕನ ವಾದ ಎತ್ತ ಸಾಗುತ್ತಿದೆ ಎಂದು ಹಿಡಿಯುವ ಶಕ್ತಿಯನ್ನು. ಒಂದು ಪ್ಯಾರಾ ಓದಿದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ: ‘ಹಳೆಯ ವಿಜ್ಞಾನಿಗಳು ಹೀಗೆಂದರು, ಈ ಲೇಖಕ ಅದನ್ನು ಅರ್ಧ ಮಾತ್ರ ಒಪ್ಪುತ್ತಾನೆ.’ ಇಷ್ಟು ಹೇಳಲು ಬಂದರೆ ಆ ಪ್ಯಾರಾ ನಿಮ್ಮ ಕೈವಶವಾಯಿತು. ಹೇಳಲು ಬಾರದಿದ್ದರೆ ಪ್ರತಿ ಪದದ ಅರ್ಥ ಗೊತ್ತಿದ್ದರೂ ಉತ್ತರ ತಪ್ಪುತ್ತದೆ. ಉತ್ತರವನ್ನು ಆ ಪ್ಯಾರಾದೊಳಗಿನಿಂದಲೇ ತೆಗೆಯಬೇಕು. ನಿಮಗೆ ಹೊರಗಿನಿಂದ ಗೊತ್ತಿರುವ ಸಂಗತಿಗೆ ಅಲ್ಲಿ ಬೆಲೆಯಿಲ್ಲ.

ಪ್ರಬಂಧಕ್ಕೆ ವಾರಕ್ಕೆ ಒಂದು ಗಂಟೆ ಸಾಕು. ಪರೀಕ್ಷೆಯಲ್ಲಿ ಬರಬಹುದಾದ ವಿಷಯಗಳ ಪೂರ್ತಿ ಪಟ್ಟಿಯನ್ನು ಇಟಿಎಸ್ ತಾನೇ ಪ್ರಕಟಿಸಿದೆ. ಅದರಿಂದ ಒಂದನ್ನು ತೆಗೆದು 30 ನಿಮಿಷದಲ್ಲಿ ಟೈಪ್ ಮಾಡಿ. ಕಾಗುಣಿತ ತಿದ್ದುವ ಸೌಲಭ್ಯ ಪರೀಕ್ಷೆಯಲ್ಲಿ ಇರುವುದಿಲ್ಲ, ಅಭ್ಯಾಸದಲ್ಲೂ ಅದನ್ನು ಆಫ್ ಮಾಡಿ. ಸ್ಪಷ್ಟ ನಿಲುವು, ಎರಡು ಖಚಿತ ಉದಾಹರಣೆ, ಎದುರು ವಾದಕ್ಕೆ ಒಂದು ಪ್ಯಾರಾ. ಇಷ್ಟರ ಮೇಲೆ ಹಿಡಿತ ಬಂದರೆ ಸಾಕು.

ನಾಲ್ಕು ವಾರ

ಮೊದಲ ವಾರ ಪ್ರಶ್ನೆಗಳ ಬಗೆಗಳನ್ನು ಪರಿಚಯ ಮಾಡಿಕೊಳ್ಳಲು, ತೀರಾ ದುರ್ಬಲವಾದ ಮೂರು ನಾಲ್ಕು ವಿಷಯಗಳನ್ನು ರಿಪೇರಿ ಮಾಡಿಕೊಳ್ಳಲು. ಈ ವಾರ ಗಡಿಯಾರ ಬೇಡ, ಸರಿಯಾಗಿ ಬಿಡಿಸುವುದೇ ಮುಖ್ಯ. ಎರಡನೆಯ ವಾರ ಗಡಿಯಾರ ಬರಲಿ: 12 ಪ್ರಶ್ನೆ, 18 ನಿಮಿಷ ಅಥವಾ 21 ನಿಮಿಷ. ಇಂದು ಬರೀ ಶೇಕಡಾ, ನಾಳೆ ಬರೀ ತ್ರಿಭುಜ ಎಂದು ಮಾಡದೆ ವಿಷಯಗಳನ್ನು ಬೆರೆಸಿ ಬಿಡಿಸಿ. ಪರೀಕ್ಷೆಯಲ್ಲಿ ‘ಇದು ಯಾವ ಬಗೆಯ ಲೆಕ್ಕ’ ಎಂದು ಯಾರೂ ಹೇಳಿಕೊಡುವುದಿಲ್ಲ. ಹದಿನೈದನೆಯ ದಿನ ಪವರ್‌ಪ್ರೆಪ್ ಅಲ್ಲದ ಬೇರೊಂದು ಪೂರ್ಣ ಮಾಕ್ ಟೆಸ್ಟ್. ಮೂರನೆಯ ವಾರ ಒಂದರ ಹಿಂದೊಂದು ಎರಡು ಭಾಗಗಳನ್ನು ಕೂತು ಮುಗಿಸುವ ಅಭ್ಯಾಸ, ಸಾಧ್ಯವಾದರೆ ಪರೀಕ್ಷೆಯ ಹೊತ್ತಿನಲ್ಲೇ.

ಇಪ್ಪತ್ತೆರಡನೆಯ ದಿನ ಉಳಿಸಿಕೊಂಡ ಎರಡನೆಯ ಪವರ್‌ಪ್ರೆಪ್ ಬರೆಯಿರಿ. ಅದನ್ನು ಇನ್ನೂ ಮುಂದಕ್ಕೆ ಹಾಕಬಾರದು ಎನ್ನುವುದಕ್ಕೆ ಕಾರಣವಿದೆ. ಪರೀಕ್ಷೆಯ ದಿನಾಂಕ ಬದಲಿಸಬೇಕಾದರೆ ಕನಿಷ್ಠ ನಾಲ್ಕು ದಿನ ಮುಂಚೆ ಬದಲಿಸಬೇಕು, ಅದಕ್ಕೆ ಶುಲ್ಕವೂ ಇದೆ. ಅಂಕ ನೋಡಿ ಬರೆಯುವುದೋ ಮುಂದೂಡುವುದೋ ತೀರ್ಮಾನಿಸಲು ಆ ಕೆಲವು ದಿನಗಳು ಬೇಕೇಬೇಕು. ಕೊನೆಯ ವಾರ ಹೊಸದೇನೂ ಬೇಡ. ತಪ್ಪುಗಳ ನೋಟ್‌ಬುಕ್, ಹಳೆಯ ಪದಗಳು, ದಿನಕ್ಕೊಂದು ಚಿಕ್ಕ ಸೆಟ್, ರಾತ್ರಿ ಪೂರ್ತಿ ನಿದ್ದೆ.

ಕ್ಯಾಲೆಂಡರನ್ನು ಹಿಂದಿನಿಂದಲೂ ಎಣಿಸಬೇಕು. ಪರೀಕ್ಷೆಯನ್ನು ಮತ್ತೆ ಬರೆಯಲು 21 ದಿನದ ಅಂತರ ಬೇಕು. ಅಧಿಕೃತ ಅಂಕ ಬರಲು ಎಂಟು–ಹತ್ತು ದಿನ ಹಿಡಿಯುತ್ತದೆ. ಅರ್ಜಿಗೆ ಡಿಸೆಂಬರ್ 15 ಕೊನೆಯ ದಿನವೆಂದರೆ ಎರಡನೆಯ ಯತ್ನ ಡಿಸೆಂಬರ್ 1ರೊಳಗೆ, ಮೊದಲನೆಯದು ನವೆಂಬರ್ 10ರೊಳಗೆ ಮುಗಿಯಬೇಕು. ಅಲ್ಲಿಗೆ ಓದು ಶುರುವಾಗಬೇಕಾದದ್ದು ಅಕ್ಟೋಬರ್ ಮೊದಲ ಹತ್ತು ದಿನಗಳಲ್ಲಿ. ಎರಡನೆಯ ಅವಕಾಶ ಇದೆ ಎಂಬ ನೆಮ್ಮದಿಯೇ ಮೊದಲ ಯತ್ನದಲ್ಲಿ ಕೈ ನಡುಗದಂತೆ ಕಾಯುತ್ತದೆ. ಬರೆದ ಪರೀಕ್ಷೆಗಳಲ್ಲಿ ಯಾವುದರ ಅಂಕ ಕಳಿಸಬೇಕೆಂಬ ಆಯ್ಕೆಯೂ ನಿಮ್ಮದೇ. ಅಂಕಗಳಿಗೆ ಐದು ವರ್ಷ ಮಾನ್ಯತೆ ಇರುತ್ತದೆ. ಪರೀಕ್ಷೆಯ ದಿನವೇ ನಾಲ್ಕು ಕಡೆಗೆ ಶುಲ್ಕವಿಲ್ಲದೆ ಅಂಕ ಕಳಿಸಬಹುದು, ಆ ನಾಲ್ಕು ಹೆಸರನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿ. ನೋಂದಣಿಯ ಹೆಸರೂ ಗುರುತಿನ ದಾಖಲೆಯ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು ಇರುವುದು ಸಾಮಾನ್ಯ. ಇದನ್ನು ನೋಂದಣಿ ಮಾಡುವ ದಿನವೇ ನೋಡಿಕೊಳ್ಳಿ.

ತಂದೆ ತಾಯಿಯರಲ್ಲೂ ಒಂದು ವಿನಂತಿ. ಇದು ಬುದ್ಧಿಯ ಅಳತೆಗೋಲಲ್ಲ, ಅರ್ಜಿಯ ಜೊತೆ ಹೋಗುವ ಹಲವು ಕಾಗದಗಳಲ್ಲಿ ಒಂದು. ಪದವಿಯ ಅಂಕ, ಶಿಫಾರಸು ಪತ್ರ, ಉದ್ದೇಶ ಪತ್ರ ಇವೂ ಅಷ್ಟೇ ಮುಖ್ಯ. ಆ ತಿಂಗಳು ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಗದ್ದಲವಿಲ್ಲದ ಒಂದು ಮೂಲೆ ಕೊಡಿ, ಅದೇ ದೊಡ್ಡ ಸಹಾಯ. ಇನ್ನು ಓದುವವರಿಗೆ ಹೇಳುವುದಿಷ್ಟು: ಈ ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಂಡು ಮೊದಲ ಪರೀಕ್ಷೆ ಬರೆದುಬಿಡಿ. ವೇಳಾಪಟ್ಟಿಯನ್ನು ಸೋಮವಾರ ಹಾಕಿದರಾಯಿತು.